ಚಂದಾ ತೀರಿದ ಪೆಟ್ಟಿಗೆ

ಚಂದಾ ಎಂಬ ಮಾತು ಪಾರಸಿಯಿಂದ ನಮ್ಮಲ್ಲಿಗೆ ಬಂದದ್ದು. ಬಂದು ಬಹುಕಾಲವಾದ್ದರಿಂದ ಈಗ ಅದು ಮನೆಯ ಮಾತೇ ಆಗಿಬಿಟ್ಟಿದೆ. ಗಣೇಶನ ಹಬ್ಬಕ್ಕೆ ಬೀದಿಯ ಹುಡುಗರು ಎತ್ತುವುದೂ ಚಂದಾ, ಮಾಸಪತ್ರಿಕೆಗೆ ವರ್ಷಾರಂಭದಲ್ಲಿ ಕಳಿಸುವುದೂ ಚಂದಾ. ಪತ್ರಿಕೆಯ ಚಂದಾ ತೀರಿದರೆ ಏನಾಗುತ್ತದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಮುಂದಿನ ಸಂಚಿಕೆ ಬರುವುದಿಲ್ಲ, ಅಷ್ಟೆ. ಹಿಂದಿನವು ಅಟ್ಟದ ಮೇಲೆ ಇದ್ದಲ್ಲೇ ಇರುತ್ತವೆ. ಅವುಗಳ ಅಕ್ಷರ ಅಳಿಸಿಹೋಗುವುದಿಲ್ಲ, ಓದುವವನ ಕನ್ನಡಕ ಮಬ್ಬಾಗುವುದೂ ಇಲ್ಲ.

೧೯೯೯ರಲ್ಲಿ ಅಮೆರಿಕದ ಪೇಟೆಗೆ ಬಂದ ಒಂದು ಯಂತ್ರ ಈ ಹಳೆಯ ಒಡಂಬಡಿಕೆಯನ್ನು ತಲೆಕೆಳಗು ಮಾಡಿತು. ಟೆಲಿವಿಷನ್ನಿನ ಕಾರ್ಯಕ್ರಮಗಳನ್ನು ಹಾರ್ಡ್ ಡಿಸ್ಕಿನ ಮೇಲೆ ರೆಕಾರ್ಡು ಮಾಡಿಕೊಂಡು ಬೇಕಾದಾಗ ತೋರಿಸುವ ಪೆಟ್ಟಿಗೆ ಅದು. ಪೆಟ್ಟಿಗೆಯನ್ನು ಅಂಗಡಿಯಲ್ಲಿ ಪೂರ್ತಿ ಹಣ ಕೊಟ್ಟೇ ಕೊಳ್ಳಬೇಕಾಗಿತ್ತು. ಕೊಂಡ ಮೇಲೆ ತಿಂಗಳು ತಿಂಗಳೂ ಚಂದಾ ಕಟ್ಟಬೇಕಾಗಿತ್ತು. ಕಟ್ಟದಿದ್ದರೆ ಕೊಂಡ ಪೆಟ್ಟಿಗೆಯೇ ಕೆಲಸ ಬಿಟ್ಟು ಕುಳಿತುಕೊಳ್ಳುತ್ತಿತ್ತು. ಚಂದಾ ಇಲ್ಲದೆ ಅದನ್ನು ನಡೆಸಬಹುದೇ ಎಂಬ ಪ್ರಶ್ನೆಯನ್ನು ಸಾವಿರಾರು ಜನ ಸಾಮಾನ್ಯರು ಕೇಳಿದರು. ಉತ್ತರ ಹುಡುಕಿಕೊಂಡು ಅವರು ನಡೆದ ದಾರಿಯ ಕಥೆ ಚೆನ್ನಾಗಿದೆ.

ಅದಕ್ಕೆ ಮುಂಚಿನ ಸಂಗತಿಯನ್ನು ಸ್ವಲ್ಪ ಹೇಳಬೇಕು. ೧೯೭೫ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಬಂತು. ರಾತ್ರಿ ಎಂಟಕ್ಕೆ ಬರುವ ಕಾರ್ಯಕ್ರಮವನ್ನು ಟೇಪಿನ ಮೇಲೆ ಹಿಡಿದಿಟ್ಟು ಮಾರನೆಯ ಬೆಳಿಗ್ಗೆ ನೋಡಬಹುದು ಎಂಬುದೇ ಅದರ ಹೊಸತನ. ಕಾರ್ಯಕ್ರಮ ಯಾರದಾದರೂ ಆಗಲಿ, ಹೊತ್ತು ಮಾತ್ರ ನೋಡುವವನದು ಎಂದಾಯಿತು. ಹಾಲಿವುಡ್ಡಿಗೆ ಇದು ಸಹಿಸಲಿಲ್ಲ. ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ೧೯೭೬ರಲ್ಲಿ ದಾವೆ ಹೂಡಿದವು. ಕೆಳಗಿನ ಕೋರ್ಟು ಸೋನಿಯ ಕಡೆಗೆ ಹೇಳಿತು, ಮೇಲಿನದು ಸ್ಟುಡಿಯೋಗಳ ಕಡೆಗೆ. ಸುಪ್ರೀಂ ಕೋರ್ಟಿನಲ್ಲಿ ಒಮ್ಮೆ ವಾದ ಮುಗಿದದ್ದು ಸಾಲದೆ ಮತ್ತೊಮ್ಮೆ ವಾದ ನಡೆಯಿತು. ಕಡೆಗೆ ೧೯೮೪ರ ಜನವರಿ ೧೭ರಂದು ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ತೀರ್ಪು ಬಂತು: ಆಮೇಲೆ ನೋಡುವುದಕ್ಕೆಂದು ಮನೆಯಲ್ಲಿ ರೆಕಾರ್ಡು ಮಾಡಿಕೊಳ್ಳುವುದು ಅಪರಾಧವಲ್ಲ. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರಾಜರ್ಸ್ ಸೋನಿಯ ಪರವಾಗಿ ಸಾಕ್ಷಿ ನುಡಿದಿದ್ದರು. ತಮ್ಮ ಕಾರ್ಯಕ್ರಮವನ್ನು ಸಂಸಾರದವರೆಲ್ಲ ಅನುಕೂಲವಾದ ಹೊತ್ತಿನಲ್ಲಿ ಕೂತು ನೋಡಿದರೆ ತಮಗೆ ಸಂತೋಷವೇ ಎಂಬುದು ಅವರ ಮಾತಿನ ಸಾರ. ಒಬ್ಬನೇ ಒಬ್ಬ ನ್ಯಾಯಮೂರ್ತಿ ಆಚೆಗೆ ವಾಲಿದ್ದರೆ ಮುಂದಿನ ಕಥೆ ಇರುತ್ತಿರಲಿಲ್ಲ.

ಟೇಪಿನ ಯಂತ್ರ ಕೊಂಡವನು ಆಮೇಲೆ ಯಾರಿಗೂ ಕಾಸು ಕೊಡಬೇಕಾಗಿರಲಿಲ್ಲ. ಆದರೆ ಅದಕ್ಕೆ ಗಡಿಯಾರ ಗೊತ್ತಿತ್ತು, ಪಂಚಾಂಗ ಗೊತ್ತಿರಲಿಲ್ಲ. ಯಾವ ಚಾನೆಲ್, ಎಷ್ಟು ಗಂಟೆಗೆ ಆರಂಭ, ಎಷ್ಟಕ್ಕೆ ಮುಕ್ತಾಯ ಎಂಬುದನ್ನೆಲ್ಲ ಯಜಮಾನನೇ ಒತ್ತಿ ಒತ್ತಿ ತಿಳಿಸಬೇಕು. ಬಹುಮಂದಿಗೆ ಇದು ಒಗ್ಗಲಿಲ್ಲ. ಹನ್ನೆರಡು ಗಂಟೆ ತೋರಿಸುತ್ತ ಕಣ್ಣು ಮಿಟುಕಿಸುವ ಯಂತ್ರ ಅಮೆರಿಕದ ಮನೆಮನೆಯ ನಗೆಪಾಟಲಾಯಿತು. ೧೯೯೦ರಲ್ಲಿ ಹೆನ್ರಿ ಯೂವನ್, ಡೇನಿಯಲ್ ಕ್ವೋ ಎಂಬುವರ ಜೆಮ್‌ಸ್ಟಾರ್ ಕಂಪನಿ ಒಂದು ಉಪಾಯ ತಂದಿತು. ಪತ್ರಿಕೆಯ ಟೀವಿ ಪಟ್ಟಿಯಲ್ಲಿ ಪ್ರತಿ ಕಾರ್ಯಕ್ರಮದ ಪಕ್ಕದಲ್ಲೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಒತ್ತಿದರೆ ಯಂತ್ರಕ್ಕೆ ಎಲ್ಲವೂ ತಿಳಿಯುತ್ತದೆ. ಸಂಖ್ಯೆ ಕಟ್ಟುವ ಗುಟ್ಟು ಮಾತ್ರ ಕಂಪನಿಯದು. ಯಂತ್ರಕ್ಕಿಂತ ಪಂಚಾಂಗದಲ್ಲೇ ಲಾಭ ಹೆಚ್ಚು ಎಂಬುದನ್ನು ಮೊದಲು ಕಂಡುಕೊಂಡವರು ಇವರೇ ಎಂದು ನನ್ನ ಎಣಿಕೆ.

ಇನ್ನು ನಮ್ಮ ಪೆಟ್ಟಿಗೆ. ೧೯೯೯ರಲ್ಲಿ ಎರಡು ಪೆಟ್ಟಿಗೆಗಳು ಬೆನ್ನಬೆನ್ನಿಗೆ ಬಂದವು. ಒಂದು ಜಿಮ್ ಬಾರ್ಟನ್, ಮೈಕ್ ರ್‍ಯಾಮ್ಸೆ ಎಂಬಿಬ್ಬರ ಟಿವೋ. ಇನ್ನೊಂದು ಆಂಟನಿ ವುಡ್ ಅವರ ರಿಪ್ಲೇ ಟೀವಿ. ಎರಡೂ ರಾತ್ರಿಯ ಹೊತ್ತು ತಾವಾಗಿಯೇ ಟೆಲಿಫೋನು ಹಚ್ಚಿ, ಮುಂದಿನ ದಿನಗಳ ಕಾರ್ಯಕ್ರಮಗಳ ಪಟ್ಟಿಯನ್ನು ತರಿಸಿಕೊಳ್ಳುತ್ತಿದ್ದವು. ಮನೆಯವರು ನಿದ್ದೆ ಮಾಡುತ್ತಿರುವಾಗ ಪೆಟ್ಟಿಗೆ ಎದ್ದು ಪಂಚಾಂಗ ಓದಿಕೊಳ್ಳುತ್ತಿತ್ತು ಎನ್ನೋಣ. ಹೆಸರು ಹೇಳಿದರೆ ಸಾಕು, ಆ ಧಾರಾವಾಹಿ ಯಾವ ವಾರ ಯಾವ ಹೊತ್ತಿಗೆ ಬಂದರೂ ಹಿಡಿದಿಡುತ್ತಿತ್ತು. ನೋಡುತ್ತಿರುವ ಕಾರ್ಯಕ್ರಮವನ್ನು ನಡುವೆ ತಡೆದು ನಿಲ್ಲಿಸಿ, ಬಾಗಿಲಿಗೆ ಬಂದವರನ್ನು ಮಾತಾಡಿಸಿ ಕಳಿಸಿ, ಬಿಟ್ಟಲ್ಲಿಂದ ಮುಂದುವರಿಸಬಹುದಾಗಿತ್ತು. ಇದು ಆಗ ಪವಾಡದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ರಿಪ್ಲೇ ಟೀವಿಯವರು ಪೆಟ್ಟಿಗೆಯ ಬೆಲೆಯಲ್ಲೇ ಎಲ್ಲವನ್ನೂ ಸೇರಿಸಿ, ತಿಂಗಳ ಹಣ ಬೇಡ ಎಂದರು. ಟಿವೋದವರು ಬೆಲೆ ತಗ್ಗಿಸಿ ಚಂದಾ ಹಚ್ಚಿದರು. ಹದಿನಾಲ್ಕು ಗಂಟೆ ಹಿಡಿಯುವ ಪೆಟ್ಟಿಗೆಗೆ ೪೯೯ ಡಾಲರು. ಮೇಲೆ ತಿಂಗಳಿಗೆ ೯ ಡಾಲರು ೯೫ ಸೆಂಟು. ಇಲ್ಲವೇ ೧೯೯ ಡಾಲರು ಒಮ್ಮೆಗೇ ಕಟ್ಟಿದರೆ ಆಜೀವ ಚಂದಾ. ಇಪ್ಪತ್ತು ತಿಂಗಳ ಚಂದಾ ಒಟ್ಟುಗೂಡಿದರೆ ಆಜೀವದ ಹಣವಾಯಿತು. ಪೇಟೆಯಲ್ಲಿ ಗೆದ್ದದ್ದು ಟಿವೋ. ರಿಪ್ಲೇ ಟೀವಿಯೂ ಮುಂದೆ ಕೈ ಬದಲಾಗಿ ತನ್ನ ಹೊಸ ಮಾದರಿಗಳಿಗೆ ಚಂದಾ ಹಚ್ಚಿತು. ಜಾಹೀರಾತುಗಳನ್ನು ತಾನಾಗಿ ಹಾರಿಸಿಬಿಡುವ ಗುಣಕ್ಕಾಗಿ ಸ್ಟುಡಿಯೋಗಳಿಂದ ದಾವೆ ಹೂಡಿಸಿಕೊಂಡಿತು. ೨೦೦೩ರಲ್ಲಿ ಅದರ ಒಡೆಯರಾದ ಸಾನಿಕ್‌ಬ್ಲೂ ಕಂಪನಿ ದಿವಾಳಿ ಎದ್ದಿತು.

ಟಿವೋದವರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಪಂಚಾಂಗ ಬಿಟ್ಟಿಯಾಗಿ ಹುಟ್ಟುವುದಿಲ್ಲ. ಊರೂರಿನ ಚಾನೆಲ್ಲುಗಳ ಪಟ್ಟಿಯನ್ನು ದಿನದಿನವೂ ಕಲೆಹಾಕಿ ತಿದ್ದುವವರು ಬೇಕು. ಅದನ್ನು ಟ್ರಿಬ್ಯೂನ್ ಮೀಡಿಯಾ ಸರ್ವಿಸಸ್ ಎಂಬ ಸಂಸ್ಥೆಯಿಂದ ಟಿವೋ ಹಣ ತೆತ್ತೇ ತರಿಸಿಕೊಳ್ಳುತ್ತಿತ್ತು. ಪಟ್ಟಿಗೆ ಹಣ ಕೇಳಿದ್ದು ತಪ್ಪಲ್ಲ. ತಕರಾರು ಇರುವುದು ಬೇರೆ ಕಡೆ.

ಚಂದಾ ಕಟ್ಟದವನ ಪೆಟ್ಟಿಗೆಯಲ್ಲಿ ಗಡಿಯಾರ ಸರಿಯಾಗಿತ್ತು, ಡಿಸ್ಕು ಸುತ್ತುತ್ತಿತ್ತು, ಟೀವಿಯ ಚಿತ್ರ ಒಳಗೆ ಬರುತ್ತಿತ್ತು. ಪಟ್ಟಿ ಇಲ್ಲದಿದ್ದರೆ ಬೇಡ, ಹಳೆಯ ಟೇಪಿನ ಯಂತ್ರದಂತೆ ಹೊತ್ತು ಮತ್ತು ಚಾನೆಲ್ ಹೇಳಿ ರೆಕಾರ್ಡು ಮಾಡಿಸೋಣ ಎಂದರೆ ಆಗಬೇಕಾದ್ದೇ. ಮೊದಲ ತಲೆಮಾರಿನ ಕೆಲವು ಪೆಟ್ಟಿಗೆಗಳಲ್ಲಿ ಹಾಗೆ ಆಗುತ್ತಲೂ ಇತ್ತು. ೨೦೦೨ರಲ್ಲಿ ಬಂದ ಎರಡನೆಯ ತಲೆಮಾರಿನಲ್ಲಿ ಆ ಬಾಗಿಲು ಮುಚ್ಚಿತು. ಚಂದಾ ಇಲ್ಲದವನಿಗೆ ಉಳಿದದ್ದು, ಆಗ ಬರುತ್ತಿರುವ ಕಾರ್ಯಕ್ರಮವನ್ನು ಅರ್ಧ ಗಂಟೆಯ ಮಟ್ಟಿಗೆ ತಡೆದು ನಿಲ್ಲಿಸುವ ಭಾಗ್ಯ ಮಾತ್ರ. ಪೆಟ್ಟಿಗೆಗೆ ಶಕ್ತಿ ಇರಲಿಲ್ಲವೆಂದಲ್ಲ. ಅದಕ್ಕೆ ಅಪ್ಪಣೆ ಇರಲಿಲ್ಲ.

ನಮ್ಮಲ್ಲಿ ರೇಡಿಯೋಗೆ ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿ, ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಕಾಲ ಹಿರಿಯ ವಾಚಕರಿಗೆ ನೆನಪಿದ್ದೀತು. ೧೯೮೦ರ ದಶಕದಲ್ಲಿ ಅದು ರದ್ದಾಯಿತು. ಕಟ್ಟದಿದ್ದರೆ ಇನ್ಸ್‌ಪೆಕ್ಟರು ಬಂದಾನೆಂಬ ಅಳುಕು ಇತ್ತು, ದಂಡದ ಭಯವೂ ಇತ್ತು. ಆದರೂ ಲೈಸೆನ್ಸು ತೀರಿದ ಮಾರನೆಯ ದಿನ ರೇಡಿಯೋ ತಾನಾಗಿ ಮೂಕವಾಗುತ್ತಿರಲಿಲ್ಲ. ಅಲ್ಲಿ ಇನ್ಸ್‌ಪೆಕ್ಟರು ಬಾಗಿಲಾಚೆ ಇದ್ದ. ಇಲ್ಲಿ ಅವನನ್ನು ಪೆಟ್ಟಿಗೆಯ ಒಳಗೇ ಕೂರಿಸಿದರು.

ಒಂದು ನಡುದಾರಿಯೂ ಇತ್ತು. ೨೦೦೩ರ ಸುಮಾರಿಗೆ ತೋಷಿಬಾ, ಪಯೋನಿಯರ್ ಮೊದಲಾದ ಕಂಪನಿಗಳು ಡಿವಿಡಿ ಯಂತ್ರದೊಳಗೆ ಟಿವೋ ಸೇರಿಸಿ ಮಾರಿದವು. ಅವುಗಳಲ್ಲಿ ಚಂದಾ ಕಟ್ಟದವರಿಗೂ ಮೂರು ದಿನಗಳ ಪಟ್ಟಿ ಸಿಗುತ್ತಿತ್ತು, ರೆಕಾರ್ಡೂ ಮಾಡಬಹುದಾಗಿತ್ತು. ಧಾರಾವಾಹಿಯ ಹೆಸರು ಹೇಳಿ ಸುಮ್ಮನಾಗುವ ಸೌಕರ್ಯ ಮಾತ್ರ ಇಲ್ಲ. ಹಳೆಯ ಸಾಮಾನು ಮಾರುವ ಪೇಟೆಯಲ್ಲಿ ಇಂಥವನ್ನು ಬಲ್ಲವರು ಹುಡುಕಿ ಹುಡುಕಿ ಕೊಳ್ಳುತ್ತಿದ್ದರು.

ಈ ಪೆಟ್ಟಿಗೆಯ ಒಳಗೆ ಓಡುತ್ತಿದ್ದದ್ದು ಲಿನಕ್ಸ್ ಎಂಬುದು ಕಥೆಯ ಇನ್ನೊಂದು ತಿರುವು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಕರಾರಿನ ಮೇಲೆ ಲೋಕಕ್ಕೆ ಬಿಟ್ಟ ತಂತ್ರಾಂಶ ಅದು. ಟಿವೋ ಕಂಪನಿ ಕರಾರಿನಂತೆ ಅದರ ಮೂಲವನ್ನು ಪ್ರಕಟಿಸಿತು, ಅದರಲ್ಲಿ ಮೋಸವಿಲ್ಲ. ಆದರೆ ಯಜಮಾನನು ಅದನ್ನು ತಿದ್ದಿ ತನ್ನ ಪೆಟ್ಟಿಗೆಗೆ ಹಾಕಿದರೆ, ಕಂಪನಿಯ ರುಜು ಇಲ್ಲವೆಂದು ಪೆಟ್ಟಿಗೆ ಒಪ್ಪುತ್ತಿರಲಿಲ್ಲ. ಸ್ವತಂತ್ರ ತಂತ್ರಾಂಶದ ಪ್ರವರ್ತಕ ರಿಚರ್ಡ್ ಸ್ಟಾಲ್‌ಮನ್ ಇದಕ್ಕೆ ‘ಟಿವೋಯೀಕರಣ’ ಎಂಬರ್ಥದ ಹೊಸ ಪದವನ್ನೇ ಕಟ್ಟಿದರು. ೨೦೦೭ರ ಜೂನಿನಲ್ಲಿ ಹೊರಬಂದ ಅವರ ಲೈಸೆನ್ಸಿನ ಮೂರನೆಯ ಆವೃತ್ತಿಯಲ್ಲಿ ಇದನ್ನು ತಡೆಯುವ ಕಲಮು ಸೇರಿತು. ಲಿನಕ್ಸಿನ ಕರ್ತೃ ಲೀನಸ್ ಟೋರ್ವಾಲ್ಡ್ಸ್ ಮಾತ್ರ ಇದರಲ್ಲಿ ತಪ್ಪೇನೂ ಕಾಣದೆ ಹಳೆಯ ಲೈಸೆನ್ಸಿನಲ್ಲೇ ಉಳಿದರು. ಕಂಪನಿಯೊಂದರ ಹೆಸರಿನಿಂದ ಹೀಗೆ ಬೈಗುಳದಂಥ ಪಾರಿಭಾಷಿಕ ಪದ ಹುಟ್ಟಿದ್ದು ಭಾಷೆಯ ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳತಕ್ಕ ಸಂಗತಿ.

ಈ ಜಗಳದಿಂದ ದೂರ ಸರಿದು, ಪೆಟ್ಟಿಗೆಯನ್ನೇ ತಾವಾಗಿ ಕಟ್ಟಿಕೊಂಡವರೂ ಇದ್ದರು. ೨೦೦೨ರಲ್ಲಿ ಐಸಾಕ್ ರಿಚರ್ಡ್ಸ್ ಎಂಬುವರು ಮಿಥ್‌ಟೀವಿ ಎಂಬ ತಂತ್ರಾಂಶವನ್ನು ಬರೆಯತೊಡಗಿದರು. ಹಳೆಯ ಕಂಪ್ಯೂಟರಿಗೆ ಟೀವಿಯ ಕಾರ್ಡೊಂದನ್ನು ಸಿಕ್ಕಿಸಿ ಇದನ್ನು ಹಾಕಿದರೆ ಟಿವೋ ಮಾಡುವುದನ್ನೆಲ್ಲ ಅದೂ ಮಾಡುತ್ತಿತ್ತು. ಪಂಚಾಂಗ? ಅದೇ ಟ್ರಿಬ್ಯೂನ್ ಸಂಸ್ಥೆ ಜ್ಯಾಪ್‌ಟುಇಟ್ ಲ್ಯಾಬ್ಸ್ ಎಂಬ ಹೆಸರಿನಲ್ಲಿ ಹವ್ಯಾಸಿಗಳಿಗೆ ಪಟ್ಟಿಯನ್ನು ಬಿಟ್ಟಿಯಾಗಿ ಕೊಡುತ್ತಿತ್ತು. ೨೦೦೭ರ ಸೆಪ್ಟೆಂಬರ್ ಒಂದರಂದು ಅದು ನಿಂತಿತು. ಹವ್ಯಾಸಿಗಳು ಕಂಗೆಟ್ಟರು. ಆಗ ಅವರೇ ಸೇರಿ ಷೆಡ್ಯೂಲ್ಸ್ ಡೈರೆಕ್ಟ್ ಎಂಬ ಲಾಭದ ಆಸೆಯಿಲ್ಲದ ಸಂಸ್ಥೆಯನ್ನು ಕಟ್ಟಿ, ಟ್ರಿಬ್ಯೂನಿನಿಂದಲೇ ಪಟ್ಟಿಯನ್ನು ಕೊಂಡು ಸದಸ್ಯರಿಗೆ ಹಂಚತೊಡಗಿದರು. ಅದಕ್ಕೆ ಸದಸ್ಯರು ವರ್ಷಕ್ಕಿಷ್ಟೆಂದು ಕೊಡುತ್ತಿದ್ದದ್ದು ಚಂದಾವನ್ನೇ! ಚಂದಾದಿಂದ ತಪ್ಪಿಸಿಕೊಂಡು ಹೊರಟವರು ಚಂದಾ ಎತ್ತುವ ಸಂಘ ಮಾಡಿದರೆಂದು ನಗಬಹುದು. ನಾನು ನಗಲಾರೆ. ಹಳ್ಳಿಯ ಸಹಕಾರ ಸಂಘಕ್ಕೆ ಷೇರು ಹಣ ಕಟ್ಟುವುದಕ್ಕೂ ಸಾಹುಕಾರನಿಗೆ ಬಡ್ಡಿ ಕಟ್ಟುವುದಕ್ಕೂ ಇರುವ ಅಂತರ ಇಲ್ಲಿಯೂ ಇದೆ. ಅವರ ಚಂದಾ ತೀರಿದರೆ ಪಟ್ಟಿ ನಿಲ್ಲುತ್ತಿತ್ತು, ಪೆಟ್ಟಿಗೆ ನಿಲ್ಲುತ್ತಿರಲಿಲ್ಲ.

ಬ್ರಿಟನ್ನಿನಲ್ಲಿ ಬೇರೊಂದು ಬಗೆಯ ಪರಿಹಾರ ಬಂತು. ೨೦೦೨ರ ಅಕ್ಟೋಬರಿನಲ್ಲಿ ಆರಂಭವಾದ ಫ್ರೀವ್ಯೂ ಎಂಬ ಡಿಜಿಟಲ್ ಪ್ರಸಾರದಲ್ಲಿ ಕಾರ್ಯಕ್ರಮಗಳ ಜೊತೆಗೇ ಅವುಗಳ ಪಟ್ಟಿಯೂ ಗಾಳಿಯಲ್ಲಿ ಬರುತ್ತಿತ್ತು. ಅದನ್ನು ಹಿಡಿದು ರೆಕಾರ್ಡು ಮಾಡುವ ಪೆಟ್ಟಿಗೆಗಳಿಗೆ ಯಾವ ಚಂದಾವೂ ಬೇಕಾಗಿರಲಿಲ್ಲ, ಬಿ.ಬಿ.ಸಿ.ಗಾಗಿ ಟೀವಿ ನೋಡುವ ಮನೆಯವರು ಕಟ್ಟುವ ವಾರ್ಷಿಕ ಲೈಸೆನ್ಸು ಬೇರೆ ಮಾತು. ಮುಂದೆ ೨೦೦೯ರ ಜೂನ್ ೧೨ರಂದು ಅಮೆರಿಕದ ದೊಡ್ಡ ಕೇಂದ್ರಗಳೂ ಡಿಜಿಟಲ್ ಆದಾಗ ಅಲ್ಲಿಯೂ ಪಟ್ಟಿ ಗಾಳಿಯಲ್ಲೇ ಬರುತ್ತಿತ್ತು. ಪ್ರಸಾರ ಮಾಡುವವನೇ ಪಂಚಾಂಗವನ್ನೂ ಸಾರಿಬಿಟ್ಟರೆ ನಡುವಿನವನಿಗೆ ಕೆಲಸವೆಲ್ಲಿ?

ಆಜೀವ ಚಂದಾದ ಕಥೆ ಉಳಿಯಿತು. ನಮ್ಮ ಸಾಹಿತ್ಯ ಪತ್ರಿಕೆಗಳಿಗೂ ಆಜೀವ ಚಂದಾದಾರರಿರುತ್ತಾರೆ. ಪತ್ರಿಕೆಯೇ ಮೊದಲು ಕಣ್ಣು ಮುಚ್ಚಿ, ಚಂದಾದಾರರು ಇನ್ನೂ ಗಟ್ಟಿಮುಟ್ಟಾಗಿ ವಾಕಿಂಗ್ ಹೋಗುತ್ತಿರುವ ಉದಾಹರಣೆಗಳು ವಾಚಕರಿಗೂ ಗೊತ್ತಿರಬೇಕು. ಟಿವೋದಲ್ಲಿ ಆಜೀವ ಎಂದರೆ ಕೊಂಡವನ ಜೀವವಲ್ಲ, ಪೆಟ್ಟಿಗೆಯ ಜೀವ. ಪೆಟ್ಟಿಗೆ ಕೆಟ್ಟು ಹೊಸದನ್ನು ತಂದರೆ ಮತ್ತೆ ಹಣ ಕಟ್ಟಬೇಕಾಗಿತ್ತು.

ಬ್ರಿಟನ್ನಿನಲ್ಲಿ ಪೆಟ್ಟಿಗೆಗೂ ಅಷ್ಟು ಆಯುಷ್ಯ ಸಿಗಲಿಲ್ಲ. ೨೦೦೦ದಲ್ಲಿ ಅಲ್ಲಿಗೆ ಹೋದ ಟಿವೋ ಹೆಚ್ಚು ಮಾರಾಟವಾಗದೆ ಕೆಲವೇ ವರ್ಷಗಳಲ್ಲಿ ಅಂಗಡಿಗಳಿಂದ ಮಾಯವಾಯಿತು. ಕೊಂಡವರು ಮಾತ್ರ ಅದನ್ನು ಬಿಡಲಿಲ್ಲ. ಹತ್ತು ವರ್ಷ ಜೋಪಾನವಾಗಿ ನಡೆಸಿಕೊಂಡು ಬಂದರು. ೨೦೧೦ರ ಕೊನೆಗೆ ವರ್ಜಿನ್ ಮೀಡಿಯಾ ಕೇಬಲ್ ಕಂಪನಿಯ ಮೂಲಕ ಹೊಸ ಟಿವೋ ಬಂತು. ೨೦೧೧ರ ಜೂನ್ ಒಂದರಂದು ಹಳೆಯ ಪೆಟ್ಟಿಗೆಗಳಿಗೆ ಪಟ್ಟಿ ಕಳಿಸುವುದನ್ನು ನಿಲ್ಲಿಸಿದರು. ಆಜೀವದ ಹಣ ಕಟ್ಟಿದವರ ಪೆಟ್ಟಿಗೆಗಳೂ ಅಂದು ಕುರುಡಾಗಬೇಕಾಗಿತ್ತು. ಅಷ್ಟರಲ್ಲಿ ಕೆಲವರು ಸ್ವಯಂಸೇವಕರು ಸೇರಿ ಬದಲಿ ಪಂಚಾಂಗವೊಂದನ್ನು ಸಿದ್ಧಪಡಿಸಿದ್ದರು. ಪೆಟ್ಟಿಗೆ ಹಳೆಯ ವಿಳಾಸಕ್ಕೆ ಬದಲು ಇವರ ಮನೆಯ ಬಾಗಿಲು ತಟ್ಟುವಂತೆ ಮಾಡಿ, ತಾವೇ ಕಲೆಹಾಕಿದ ಪಟ್ಟಿಯನ್ನು ಅದಕ್ಕೆ ಉಣಿಸಿದರು. ಇಂಥ ಕೆಲಸವನ್ನು ಅವರಿಗಿಂತ ಮುಂಚೆಯೇ ಆಸ್ಟ್ರೇಲಿಯದ ಹವ್ಯಾಸಿಗಳು ಮಾಡಿ ತೋರಿಸಿದ್ದರು. ಟಿವೋ ಕಂಪನಿ ಇನ್ನೂ ಕಾಲಿಡದಿದ್ದ ಆ ದೇಶಕ್ಕೆ ಪೆಟ್ಟಿಗೆಗಳನ್ನು ಹೊರಗಿನಿಂದ ತರಿಸಿಕೊಂಡು, ತಮ್ಮ ಊರಿನ ಚಾನೆಲ್ಲುಗಳ ಪಟ್ಟಿಯನ್ನು ತಾವೇ ಕಟ್ಟಿಕೊಂಡಿದ್ದರು.

ಆಸ್ಟ್ರೇಲಿಯಕ್ಕೆ ಕಂಪನಿಯ ಟಿವೋ ಬಂದದ್ದು ೨೦೦೮ರ ಜುಲೈಯಲ್ಲಿ, ಸೆವೆನ್ ಎಂಬ ಟೀವಿ ಜಾಲದ ಆಶ್ರಯದಲ್ಲಿ. ಬೆಲೆ ೬೯೯ ಆಸ್ಟ್ರೇಲಿಯನ್ ಡಾಲರು; ಪಟ್ಟಿಗೆ ಚಂದಾ ಇಲ್ಲ. ಅಮೆರಿಕದಲ್ಲಿ ಚಂದಾ ಇಲ್ಲದೆ ನಡೆಯಲಾರದೆಂದ ಪೆಟ್ಟಿಗೆ ಅಲ್ಲಿ ಚಂದಾ ಇಲ್ಲದೆಯೇ ಒಂಬತ್ತು ವರ್ಷ ನಡೆಯಿತು. ೨೦೧೭ರ ಅಕ್ಟೋಬರ್ ೩೧ರಂದು ಆ ಪಟ್ಟಿಯೂ ನಿಂತಿತು. ಯಾರೂ ಚಂದಾ ಬಾಕಿ ಇಟ್ಟುಕೊಂಡಿರಲಿಲ್ಲ.