ಫುಟ್‌ಬಾಲ್ ನೋಡೋಕೆ ವಿಕಲಚೇತನರಿಗೂ ಜಾಗ ಬೇಕು: ಮೈದಾನದ ಸೌಲಭ್ಯಕ್ಕೆ ದುಡ್ಡು ಎಲ್ಲಿಂದ ತರೋದು? ಇಲ್ಲಿದೆ ಪೂರ್ತಿ ಮಾಹಿತಿ

ವನಗೂರು: ಕಾಫಿ ಕೊಯ್ಲು ಮುಗಿದು ಬಿಸಿಲು ಏರಿತು ಅಂದ್ರೆ ನಮ್ಮ ಮಲೆನಾಡಲ್ಲಿ ಟೂರ್ನಮೆಂಟ್‌ಗಳ ಕಾಲ. ಶಾಲೆ ಮೈದಾನದಲ್ಲಿ ಸುಣ್ಣದ ಗೆರೆ ಬೀಳುತ್ತದೆ, ಮೈಕ್ ಕಟ್ಟುತ್ತಾರೆ, ಅಂಗಡಿ ಅಂಗಡಿಗೆ ರಸೀದಿ ಪುಸ್ತಕ ಬರುತ್ತದೆ. ಫುಟ್‌ಬಾಲ್ ಹುಚ್ಚು ಇರೋರು ಸೋಮವಾರಪೇಟೆ ದಾಟಿ ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡೋಕೂ ಹೋಗ್ತಾರೆ. ಕೆಲವರು ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಅಂತ ರಾತ್ರಿ ಬಸ್ಸು ಹಿಡಿದು ಕಂಠೀರವಕ್ಕೂ ಹೋಗೋದುಂಟು.

ಆದರೆ ಎಲ್ಲರೂ ಹೋಗೋಕೆ ಆಗಲ್ಲ. ಹಿಂದಿನ ಬೇಸಿಗೆಯಲ್ಲಿ ಒಂದು ಪಂದ್ಯದ ಸುದ್ದಿಗೆ ಹೋಗಿದ್ದಾಗ ಕಂಡದ್ದು ಇದು. ಮೈದಾನ ರಸ್ತೆಗಿಂತ ಕೆಳಗೆ, ಇಳಿಯೋಕೆ ಕಲ್ಲಿನ ಮೆಟ್ಟಿಲು ಮಾತ್ರ. ತ್ರಿಚಕ್ರ ಗಾಡಿಯಲ್ಲಿ ಬಂದ ಒಬ್ಬ ಹಿರಿಯರು ರಸ್ತೆ ಬದಿಯಲ್ಲೇ ಗಾಡಿ ನಿಲ್ಲಿಸಿಕೊಂಡು, ಮುಂದೆ ನಿಂತವರ ಬೆನ್ನು ನೋಡುತ್ತಾ, ಮೈಕಲ್ಲಿ ಬಂದಷ್ಟು ಕೇಳಿಸಿಕೊಂಡು ವಾಪಸ್ ಹೋದರು. ಯಾರೂ ಅವರನ್ನು ತಡೆದಿರಲಿಲ್ಲ. ಹಾಗೇ ಅವರಿಗೆ ಅಂತ ಯಾರೂ ಏನೂ ಮಾಡಿರಲೂ ಇಲ್ಲ.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಅಂದರೆ ನೂರಕ್ಕೆ ಇಬ್ಬರಿಗಿಂತ ಹೆಚ್ಚು. ಇದಕ್ಕೆ ಮೊಣಕಾಲು ನೋವಿನ ಅಜ್ಜ ಅಜ್ಜಿಯರನ್ನೂ, ಮರದಿಂದ ಬಿದ್ದು ಕಾಲು ಕಳೆದುಕೊಂಡ ಕೂಲಿಯವರನ್ನೂ ಸೇರಿಸಿದರೆ ಪ್ರತಿ ಊರಲ್ಲೂ ಒಂದಷ್ಟು ಜನ ಸಿಗುತ್ತಾರೆ. ಅವರೂ ಪ್ರೇಕ್ಷಕರೇ. ಹಾಗಾದರೆ ಏನು ಬೇಕು, ಕಾನೂನು ಏನು ಹೇಳುತ್ತೆ, ದುಡ್ಡು ಯಾರು ಕೊಡಬೇಕು? ಒಂದೊಂದಾಗಿ ನೋಡೋಣ.

ಕಾನೂನು ಏನು ಹೇಳುತ್ತದೆ?

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದರಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ನಮ್ಮ ವಿಷಯಕ್ಕೆ ಬೇಕಾದ ಸೆಕ್ಷನ್‌ಗಳು ಇವು:

* ಸೆಕ್ಷನ್ 29: ಸಾಂಸ್ಕೃತಿಕ ಹಾಗೂ ಮನರಂಜನೆಯ ಚಟುವಟಿಕೆಯಲ್ಲಿ ಎಲ್ಲರಂತೆ ಭಾಗವಹಿಸೋಕೆ ಸರ್ಕಾರ ವ್ಯವಸ್ಥೆ ಮಾಡಬೇಕು.
* ಸೆಕ್ಷನ್ 30: ಕ್ರೀಡೆಗೆ ಸಂಬಂಧಪಟ್ಟ ಮೂಲಸೌಕರ್ಯವನ್ನು ವಿಕಲಚೇತನರಿಗೆ ಹೊಂದುವಂತೆ ಮರುವಿನ್ಯಾಸ ಮಾಡಬೇಕು.
* ಸೆಕ್ಷನ್ 44: ಪ್ರವೇಶ ಸೌಲಭ್ಯದ ನಿಯಮ ಪಾಲಿಸದ ಹೊಸ ಕಟ್ಟಡಕ್ಕೆ ಅನುಮತಿಯನ್ನಾಗಲಿ, ಪೂರ್ಣಗೊಂಡ ಪ್ರಮಾಣಪತ್ರವನ್ನಾಗಲಿ ಕೊಡುವಂತಿಲ್ಲ.
* ಸೆಕ್ಷನ್ 45: ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಪ್ರಕಟವಾದ 5 ವರ್ಷದೊಳಗೆ ಸರಿಪಡಿಸಬೇಕು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಅಂದರೆ 2022ರ ಜೂನ್‌ಗೇ ಗಡುವು ಮುಗಿದಿದೆ.
* ಸೆಕ್ಷನ್ 89: ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷದವರೆಗೆ.

ಸಾರ್ವಜನಿಕ ಕಟ್ಟಡ ಅಂದರೆ ಬರೀ ತಾಲ್ಲೂಕು ಕಚೇರಿ ಅಲ್ಲ. ಜನ ಮನರಂಜನೆಗೆ ಸೇರುವ ಕಟ್ಟಡಗಳೂ, ಖಾಸಗಿಯವರದ್ದಾದರೂ ಸಹ, ಈ ವ್ಯಾಖ್ಯೆಯಲ್ಲಿ ಬರುತ್ತವೆ. ಹಾಗಾಗಿ ಗ್ಯಾಲರಿ, ಪೆವಿಲಿಯನ್, ಶೌಚಾಲಯ ಇರುವ ಸ್ಟೇಡಿಯಂಗೂ ಇದು ಅನ್ವಯ.

ಇನ್ನೊಂದು ಮುಖ್ಯ ತೀರ್ಪು. ರಾಜೀವ್ ರಾತುರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಬರೀ ಮಾರ್ಗಸೂಚಿಯಂತೆ ಇಟ್ಟಿದ್ದ ನಿಯಮವನ್ನು (15(1)ನೇ ನಿಯಮ) ಕಾಯ್ದೆಗೆ ವಿರುದ್ಧ ಎಂದು ಹೇಳಿತು. ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ನಿಯಮ ರೂಪಿಸಲು ಕೇಂದ್ರಕ್ಕೆ ಸೂಚಿಸಿತು. "ಮಾಡಿದರೆ ಒಳ್ಳೆಯದು" ಅನ್ನೋದು ಬೇರೆ, "ಮಾಡಲೇಬೇಕು" ಅನ್ನೋದು ಬೇರೆ. ಕೋರ್ಟ್ ಹೇಳಿದ್ದು ಎರಡನೆಯದನ್ನು.

ಬೇರೆ ಕಡೆ ಹೇಗೆ ಮಾಡಿದರು?

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳ ಹತ್ತಿರ ದುಡ್ಡಿಗೇನೂ ಕೊರತೆ ಇರಲಿಲ್ಲ. ಆದರೂ ವೀಲ್‌ಚೇರ್ ಜಾಗ ಸಾಲದೇ ವರ್ಷಗಟ್ಟಲೆ ದೂರು ಬಂತು. ಅಭಿಮಾನಿಗಳ ಸಂಘಗಳು ಬೆನ್ನು ಬಿಡಲಿಲ್ಲ. ಕೊನೆಗೆ 2015ರಲ್ಲಿ ಕ್ಲಬ್‌ಗಳೆಲ್ಲ ಸೇರಿ, 2017ರ ಆಗಸ್ಟ್ ಒಳಗೆ ಮಾನದಂಡದಂತೆ ಸೌಲಭ್ಯ ಮಾಡ್ತೀವಿ ಅಂತ ಒಪ್ಪಿಕೊಂಡವು. ಗಡುವಿಗೆ ಎಲ್ಲ ಕ್ಲಬ್‌ಗಳೂ ಮುಗಿಸಲಿಲ್ಲ, ಆದರೆ ಕೆಲಸ ಮಾತ್ರ ಶುರುವಾಯಿತು. ಅಲ್ಲಿ ಹಲವು ಕ್ಲಬ್‌ಗಳು ವಿಕಲಚೇತನರ ಜತೆ ಬರುವ ಸಹಾಯಕರಿಗೆ ಟಿಕೆಟ್ ದುಡ್ಡು ತಗೊಳ್ಳಲ್ಲ. ಯುರೋಪಿನಲ್ಲಿ ಇದೇ ಕೆಲಸಕ್ಕೆ ಅಂತ 2009ರಲ್ಲಿ ಅಲ್ಲಿನ ಫುಟ್‌ಬಾಲ್ ಒಕ್ಕೂಟದ ಹಣದ ನೆರವಿನಿಂದಲೇ ಒಂದು ಸಂಸ್ಥೆ ಹುಟ್ಟಿತು.

ನಮ್ಮಲ್ಲಿ ದುಡ್ಡಿನ ಜತೆಗೆ ಇನ್ನೊಂದು ಗೊಂದಲ ಇದೆ: ಜವಾಬ್ದಾರಿ ಯಾರದ್ದು? ಬೆಂಗಳೂರು ಎಫ್‌ಸಿ 2014ರಿಂದ ಆಡುತ್ತಿರುವ ಕಂಠೀರವ ಕ್ರೀಡಾಂಗಣ ಕ್ಲಬ್‌ನದ್ದಲ್ಲ, ರಾಜ್ಯ ಸರ್ಕಾರದ್ದು. ಅದನ್ನು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜು ಮಾಡಿದ್ದು. ನಮ್ಮ ಊರಲ್ಲೂ ಇದೇ ಕಥೆ. ಜಾಗ ಶಾಲೆಯದ್ದು, ಟೂರ್ನಮೆಂಟ್ ಯುವಕರ ಸಂಘದ್ದು, ದುಡ್ಡು ಅಂಗಡಿಯವರದ್ದು. ಹೀಗಾದಾಗ ಒಬ್ಬರು ಇನ್ನೊಬ್ಬರ ಮುಖ ನೋಡ್ತಾ ಕೂರ್ತಾರೆ.

ಸುಲಭದ ಲೆಕ್ಕ ಹೀಗೆ ಇಟ್ಟುಕೊಳ್ಳಿ: ಕಾಯಂ ಕೆಲಸ (ಇಳಿಜಾರು ದಾರಿ, ಶೌಚಾಲಯ, ಗೇಟು) ಜಾಗದ ಮಾಲೀಕರದ್ದು, ಅಂದರೆ ಪಂಚಾಯಿತಿ, ಶಾಲೆ, ಪುರಸಭೆ ಅಥವಾ ಕ್ರೀಡಾ ಇಲಾಖೆ. ಪಂದ್ಯದ ದಿನದ ವ್ಯವಸ್ಥೆ (ಜಾಗ ಮೀಸಲು, ಸ್ವಯಂಸೇವಕ, ನೆರಳು, ನೀರು) ಸಂಘಟಕರದ್ದು.

ಏನೇನು ಬೇಕು? ಅಳತೆ ಎಷ್ಟು?

1. ಇಳಿಜಾರು ದಾರಿ (ರ‍್ಯಾಂಪ್): 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ರಸ್ತೆಯಿಂದ ಮೈದಾನ 3 ಅಡಿ ಕೆಳಗಿದ್ದರೆ 36 ಅಡಿ ರ‍್ಯಾಂಪ್ ಬೇಕು. ಅಗಲ ಕನಿಷ್ಠ 4 ಅಡಿ, ಎರಡೂ ಬದಿ ಹಿಡಿಕಂಬಿ. ಸುಮಾರು 30 ಅಡಿಗೊಂದು ಸಮತಟ್ಟಾದ ನಿಲುಗಡೆ ಇರಲಿ. ನಮ್ಮ ಕಡೆ ಎಷ್ಟೋ ರ‍್ಯಾಂಪ್‌ಗಳು ಬೈಕ್ ಹತ್ತಿಸೋಕೆ ಮಾಡಿದಂಗಿರುತ್ತವೆ. ಅಷ್ಟು ಕಡಿದಾದರೆ ಗಾಡಿ ಹಿಂದಕ್ಕೆ ಉರುಳುತ್ತದೆ. ಅದು ಇದ್ದೂ ಇಲ್ಲದ ಹಾಗೆ. ಮಳೆಗೆ ಪಾಚಿ ಕಟ್ಟುವ ಊರು ನಮ್ಮದು, ಹಾಗಾಗಿ ನುಣುಪು ಟೈಲ್ಸ್ ಬೇಡ. ಗೆರೆ ಹೊಡೆದ ಒರಟು ಕಾಂಕ್ರೀಟ್ ಸಾಕು.

ಮೈದಾನ 10 ಅಡಿ ಕೆಳಗಿದ್ದರೆ? 120 ಅಡಿ ರ‍್ಯಾಂಪ್ ಕಟ್ಟೋದು ದುಬಾರಿ. ಅಂಥ ಕಡೆ ಜೀಪು ಇಳಿಯುವ ದಾರಿ ಒಂದು ಬದಿಯಲ್ಲಿ ಇದ್ದೇ ಇರುತ್ತದೆ. ಅದನ್ನೇ ಗಟ್ಟಿ ಮಾಡಿ, ಪಂದ್ಯದ ದಿನ ವಿಕಲಚೇತನರ ವಾಹನ ಕೆಳಗಿನವರೆಗೂ ಬರೋಕೆ ಬಿಟ್ಟರೆ ಆಯಿತು.

2. ಕೂರುವ ಜಾಗ: ಒಂದು ವೀಲ್‌ಚೇರ್‌ಗೆ ಸುಮಾರು 3 ಅಡಿ ಅಗಲ, 4ರಿಂದ 5 ಅಡಿ ಉದ್ದ ಸಾಕು. ಪಕ್ಕದಲ್ಲಿ ಜತೆಗಾರರಿಗೆ ಒಂದು ಕುರ್ಚಿ. ಎಲ್ಲರನ್ನೂ ಒಂದು ಮೂಲೆಗೆ ತಳ್ಳಬೇಡಿ, ಮನೆಯವರ ಜತೆ ಕೂರುವಂತಿರಲಿ. ಗೋಲ್ ಹೊಡೆದಾಗ ಮುಂದಿನವರು ಎದ್ದು ನಿಂತರೆ ಕುಳಿತವರಿಗೆ ಏನೂ ಕಾಣಲ್ಲ. ಆದ್ದರಿಂದ ಗೆರೆಯಿಂದ 10 ಅಡಿ ಬಿಟ್ಟು ಮುಂದಿನ ಸಾಲಲ್ಲೇ ಜಾಗ ಕೊಟ್ಟು, ಅವರ ಮುಂದೆ ಯಾರೂ ನಿಲ್ಲದ ಹಾಗೆ ಹಗ್ಗ ಕಟ್ಟಿ.

3. ಶೌಚಾಲಯ: ಇದು ಎಲ್ಲಕ್ಕಿಂತ ಮುಖ್ಯ. ಶೌಚಕ್ಕೆ ಜಾಗ ಇಲ್ಲ ಅಂತಲೇ ಎಷ್ಟೋ ಜನ, ಅದರಲ್ಲೂ ಹೆಣ್ಣುಮಕ್ಕಳು, ಮನೆಯಿಂದ ಹೊರಡಲ್ಲ. ಬಾಗಿಲು 3 ಅಡಿ ಅಗಲ, ಒಳಗೆ ಗಾಡಿ ತಿರುಗಿಸೋಕೆ 5 ಅಡಿ ವ್ಯಾಸದ ಖಾಲಿ ಜಾಗ, ಕಮೋಡ್, ಹಿಡಿಕಂಬಿ. ಶಾಲೆಯಲ್ಲಿ ಇಂಥ ಶೌಚಾಲಯ ಮೊದಲೇ ಇದ್ದರೆ ಪಂದ್ಯದ ದಿನ ಬೀಗ ತೆಗೆಸಿ ಅಷ್ಟೇ.

4. ಕಣ್ಣು ಕಾಣದವರಿಗೆ: ನಮ್ಮ ಟೂರ್ನಮೆಂಟ್‌ಗಳಲ್ಲಿ ಮೈಕ್ ಹಿಡಿದವರು ಇರ್ತಾರೆ. ಚೆಂಡು ಈಗ ಯಾವ ಬದಿಯಲ್ಲಿದೆ, ಯಾರ ಕಾಲಲ್ಲಿದೆ ಅಂತ ಅವರು ಹೇಳುತ್ತಾ ಹೋದರೆ ಅದೇ ವೀಕ್ಷಕ ವಿವರಣೆ. ದೊಡ್ಡ ಸ್ಟೇಡಿಯಂಗಳಲ್ಲಿ ಇದನ್ನೇ ಇಯರ್‌ಫೋನ್‌ನಲ್ಲಿ ಕೊಡುತ್ತಾರೆ. ನಮಗೆ ಖರ್ಚು ಸೊನ್ನೆ.

5. ಕಿವಿ ಕೇಳದವರಿಗೆ: ದೊಡ್ಡ ಅಕ್ಷರದ ಸ್ಕೋರ್ ಬೋರ್ಡು, ಸಮಯ ಬದಲಾದರೆ ಬರೆದು ಹಾಕುವ ಹಲಗೆ.

6. ಬೇರೆ ದಾರಿ: 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. 2022ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಫುಟ್‌ಬಾಲ್ ಪಂದ್ಯದ ತಾತ್ಕಾಲಿಕ ಗ್ಯಾಲರಿ ಕುಸಿದು ಹಲವರು ಗಾಯಗೊಂಡರು. ಓಡೋಕೆ ಆಗೋರಿಗೇ ಹೀಗಾದರೆ, ಓಡೋಕೆ ಆಗದವರ ಗತಿ? ಅವರಿಗೆ ಪ್ರತ್ಯೇಕ ಗೇಟು, ಹೊರಗೆ ಹೋಗೋಕೆ ತಡೆ ಇಲ್ಲದ ದಾರಿ, ಜತೆಗೆ ಇಬ್ಬರು ಸ್ವಯಂಸೇವಕರು ಇರಲೇಬೇಕು.

ದುಡ್ಡಿನ ದಾರಿಗಳು

ಗ್ರಾಮ ಪಂಚಾಯಿತಿ: ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗೆ ಅಂತ ಎತ್ತಿಡಬೇಕು. ಆದರೆ ಒಂದು ಎಚ್ಚರ. ಬೆಟ್ಟದ ಸಣ್ಣ ಪಂಚಾಯಿತಿಗಳಲ್ಲಿ ಕಂದಾಯ ವಸೂಲಿಯೇ ಕಡಿಮೆ, ಅದರ ಶೇ 5 ಅಂದರೆ ಇನ್ನೂ ಕಡಿಮೆ. ಯಾರದೋ ಸಾಧನ ಸಲಕರಣೆಗೆ, ಔಷಧಿಗೆ ಹೋಗಬೇಕಾದ ದುಡ್ಡನ್ನು ಮೈದಾನಕ್ಕೆ ಸುರಿದರೆ ಅದು ನ್ಯಾಯ ಅಲ್ಲ. ರ‍್ಯಾಂಪನ್ನು ಸಾಮಾನ್ಯ ಕಾಮಗಾರಿಯಾಗಿಯೇ ಕ್ರಿಯಾ ಯೋಜನೆಗೆ ಸೇರಿಸಿ ಅಂತ ಗ್ರಾಮಸಭೆಯಲ್ಲಿ ಕೇಳಿ. ಮೈದಾನ ಎಲ್ಲರದ್ದು, ಖರ್ಚೂ ಎಲ್ಲರದ್ದು.

ಶಾಸಕರ ನಿಧಿ: ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಸಕಲೇಶಪುರ, ಆಲೂರು ಎರಡೂ ನಮ್ಮ ಒಂದೇ ವಿಧಾನಸಭಾ ಕ್ಷೇತ್ರದಲ್ಲಿ ಬರುತ್ತವೆ.

ಸಂಸದರ ನಿಧಿ: ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಡಳಿತದಿಂದ. ಎರಡೂ ನಿಧಿಯಲ್ಲಿ ಕಾಯಂ ಆಸ್ತಿ ಆಗುವ ಕೆಲಸಕ್ಕೆ ಕೇಳಬೇಕು. ಶಾಮಿಯಾನ, ಊಟದ ಖರ್ಚಿಗೆ ಅಲ್ಲ.

ಸುಗಮ್ಯ ಭಾರತ ಅಭಿಯಾನ: 2015ರ ಡಿಸೆಂಬರ್ 3ರಂದು ಶುರುವಾದ ಕೇಂದ್ರದ ಕಾರ್ಯಕ್ರಮ. ಸರ್ಕಾರಿ ಕಟ್ಟಡಗಳಿಗೆ ಪ್ರವೇಶ ಸೌಲಭ್ಯ ಮಾಡೋಕೆ ರಾಜ್ಯಗಳಿಗೆ ಕೇಂದ್ರದ ನೆರವು ಇದೆ. ಜಿಲ್ಲಾ ಮಟ್ಟದ ಕ್ರೀಡಾಂಗಣದಂಥ ದೊಡ್ಡ ಕೆಲಸಕ್ಕೆ ಈ ದಾರಿ ಹೊಂದುತ್ತದೆ. ಪ್ರಸ್ತಾವನೆ ಇಲಾಖೆ ಮೂಲಕವೇ ಹೋಗಬೇಕು.

ಕಂಪನಿಗಳ ಸಿಎಸ್‌ಆರ್: ಕಂಪನಿ ಕಾಯ್ದೆ 2013ರ ಸೆಕ್ಷನ್ 135ರ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು (ಉದಾಹರಣೆಗೆ ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಲಾಭ ಇರುವಂಥವು) ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ದೊಡ್ಡ ಕಾಫಿ ಕಂಪನಿಗಳು, ಬ್ಯಾಂಕುಗಳು, ವಿದ್ಯುತ್ ಕಂಪನಿಗಳನ್ನು ಕೇಳಬಹುದು. ಆದರೆ ನೋಂದಣಿ ಇಲ್ಲದ ಯುವಕರ ಸಂಘಕ್ಕೆ ಈ ಹಣ ಬರಲ್ಲ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಕೆಲಸ ವಹಿಸಿಕೊಳ್ಳುವ ಸಂಸ್ಥೆಗೆ ಪ್ರತ್ಯೇಕ ನೋಂದಣಿ ಕಡ್ಡಾಯ. ಅದಿಲ್ಲದಿದ್ದರೆ ಕಂಪನಿಯೇ ನೇರವಾಗಿ ಶಾಲೆಗೆ ಕೆಲಸ ಮಾಡಿಕೊಡಲಿ ಅಂತ ಕೇಳಿ.

ಅಂಗಡಿಯವರ ಚಂದಾ: ನಮ್ಮಲ್ಲಿ ಟೂರ್ನಮೆಂಟ್ ನಡೆಯೋದೇ ಇದರಿಂದ. ಟ್ರೋಫಿ ಎತ್ತರ ಒಂದಡಿ ಕಮ್ಮಿ ಆದರೆ ಯಾರಿಗೂ ನಷ್ಟ ಇಲ್ಲ. ಮುಂದಿನ ಸಲ ರಸೀದಿ ಪುಸ್ತಕ ಬಂದಾಗ ಒಂದೇ ಪ್ರಶ್ನೆ ಕೇಳಿ: "ವಿಕಲಚೇತನರಿಗೆ ಏನು ವ್ಯವಸ್ಥೆ ಮಾಡ್ತಿದೀರಪ್ಪಾ?" ಸಿಮೆಂಟ್ ಅಂಗಡಿಯವರು ನಾಲ್ಕು ಮೂಟೆ ಕೊಟ್ಟರೆ, ವೆಲ್ಡಿಂಗ್ ಶಾಪಿನವರು ಹಿಡಿಕಂಬಿ ಮಾಡಿಕೊಟ್ಟರೆ ಅದೂ ಚಂದಾನೇ. ಆ ರ‍್ಯಾಂಪ್ ಶಾಲೆ ಮಕ್ಕಳಿಗೂ, ಮತದಾನದ ದಿನ ವಯಸ್ಸಾದವರಿಗೂ ಬರುತ್ತದೆ. ಶಾಲೆಯ ಜಾಗದಲ್ಲಿ ಕಟ್ಟುವ ಮುಂಚೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿಯ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಅರ್ಜಿ ಹಾಕೋದು ಹೇಗೆ?

* ಮೊದಲು ಮೈದಾನದ ಫೋಟೊ ತೆಗೆಯಿರಿ, ಎತ್ತರ ಅಳೆಯಿರಿ. ಆಮೇಲೆ ನಿಮ್ಮೂರ ವಿಕಲಚೇತನರನ್ನೇ ಕರೆದುಕೊಂಡು ಹೋಗಿ ಎಲ್ಲಿ ತೊಂದರೆ ಆಗುತ್ತೆ ಅಂತ ಕೇಳಿ. ಅವರನ್ನು ಕೇಳದೆ ಕಟ್ಟಿದ್ದು ಬಹಳ ಸಲ ಉಪಯೋಗಕ್ಕೆ ಬರಲ್ಲ.
* ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಅಂತಲೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಇರುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ. ಅವರ ಹತ್ತಿರ ಊರಿನ ಪಟ್ಟಿ ಇರುತ್ತದೆ.
* ಅರ್ಜಿ ಪಿಡಿಒಗೆ ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಎಂಜಿನಿಯರ್‌ರಿಂದ ಅಂದಾಜು ಪಟ್ಟಿ ಮಾಡಿಸಿಕೊಡಿ ಅಂತ ಅದರಲ್ಲೇ ಬರೆಯಿರಿ. ಅಂದಾಜು ಪಟ್ಟಿ ಇಲ್ಲದೆ ಯಾವ ನಿಧಿಯೂ ಅಲುಗಾಡಲ್ಲ.
* ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಶೇ 5ರ ನಿಧಿ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಅಂತಲೂ ಕೇಳಬಹುದು.
* ಅದಕ್ಕೂ ಆಗಲಿಲ್ಲ ಅಂದ್ರೆ ಹಾಸನದಲ್ಲಿರುವ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ, ಕೊನೆಗೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಅರ್ಜಿಯಲ್ಲಿ ಇಷ್ಟು ಬರೆದರೆ ಸಾಕು: "ನಮ್ಮ ಊರಿನ ಮೈದಾನಕ್ಕೆ ಇಳಿಯಲು ಮೆಟ್ಟಿಲು ಮಾತ್ರ ಇದ್ದು, ವಿಕಲಚೇತನರು ಹಾಗೂ ವಯಸ್ಸಾದವರು ಪಂದ್ಯ ಮತ್ತು ಕಾರ್ಯಕ್ರಮಗಳಿಗೆ ಬರಲು ಆಗುತ್ತಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ ಸೆಕ್ಷನ್ 29, 30 ಮತ್ತು 45ರಂತೆ ರ‍್ಯಾಂಪ್ ಹಾಗೂ ಶೌಚಾಲಯದ ಕಾಮಗಾರಿಯನ್ನು ಮುಂದಿನ ಕ್ರಿಯಾ ಯೋಜನೆಗೆ ಸೇರಿಸಬೇಕೆಂದು ಕೋರುತ್ತೇವೆ."

ಈ ಬೇಸಿಗೆಗೇ ಆಗೋದು ಏನು?

ಸರ್ಕಾರದ ದುಡ್ಡು ಬರೋಕೆ ತಡ ಆಗಬಹುದು. ಆದರೆ ಮುಂದಿನ ಸಾಲಲ್ಲಿ ಜಾಗ, ಹಗ್ಗ, ಇಬ್ಬರು ಹುಡುಗರು, ವಾಹನ ಕೆಳಗೆ ಬಿಡೋದು, ಶಾಲೆ ಶೌಚಾಲಯದ ಬೀಗ ತೆಗೆಸೋದು, ಮೈಕಲ್ಲಿ ಸರಿಯಾಗಿ ಹೇಳೋದು: ಈ ಆರು ಕೆಲಸಕ್ಕೆ ಯಾವ ಮಂಜೂರಾತಿಯೂ ಬೇಡ. ಕರಪತ್ರದಲ್ಲಿ "ವಿಕಲಚೇತನರಿಗೆ ಪ್ರತ್ಯೇಕ ಆಸನ ವ್ಯವಸ್ಥೆ ಇದೆ" ಅಂತ ಒಂದು ಸಾಲು ಹಾಕಿ, ಫೋನ್ ನಂಬರ್ ಕೊಡಿ. ಮನೆಯಲ್ಲೇ ಕೂತವರಿಗೆ ಬರಬಹುದು ಅಂತ ಗೊತ್ತಾಗೋದೇ ಆ ಸಾಲಿನಿಂದ.

ನಿಮ್ಮ ಊರಿನ ಮೈದಾನದಲ್ಲಿ ಇಂಥ ವ್ಯವಸ್ಥೆ ಮಾಡಿದ್ದರೆ, ಅಥವಾ ಅರ್ಜಿ ಕೊಟ್ಟು ಕಾಯ್ತಿದ್ದರೆ, ನಮಗೆ ತಿಳಿಸಿ. ಫೋಟೊ ಸಮೇತ ಸುದ್ದಿ ಮಾಡ್ತೀವಿ.