ಜೇನುಮೇಣದ ಕಲೆ ಮತ್ತು ನಮ್ಮ ಕಲ್ಯಾಣ

ಜೇನುಮೇಣವನ್ನು ಕರಗಿಸಿ, ಬಣ್ಣದ ಪುಡಿ ಬೆರೆಸಿ, ಬಿಸಿ ಇರುವಾಗಲೇ ಹಲಗೆಯ ಮೇಲೆ ಚಿತ್ರ ಬರೆಯುವ ಕಲೆಗೆ ಎನ್‌ಕಾಸ್ಟಿಕ್ ಎನ್ನುತ್ತಾರೆ. ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಕ್ರಿ.ಶ. 1ರಿಂದ 3ನೇ ಶತಮಾನದವರೆಗೆ ಸತ್ತವರ ಮುಖಚಿತ್ರಗಳನ್ನು ಹೀಗೆ ಬರೆದು ಮಮ್ಮಿಗಳ ಮೇಲೆ ಇಡುತ್ತಿದ್ದರು. ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್ 1954-55ರಲ್ಲಿ ಪತ್ರಿಕೆಯ ಚೂರುಗಳನ್ನು ಮೇಣದ ಬಣ್ಣದೊಡನೆ ಬಟ್ಟೆಯ ಮೇಲೆ ಅಂಟಿಸಿ ತಮ್ಮ ದೇಶದ ಬಾವುಟದ ಚಿತ್ರ ಮಾಡಿದರು. ಅಂಟುಚಿತ್ರವೂ ಮೇಣಚಿತ್ರವೂ ಹೀಗೆ ಒಂದಾದವು.

ಹಾಗಾದರೆ ಜೇನುಮೇಣದ ಕಲೆ ನಮ್ಮ ಕಡೆ ಇರಲಿಲ್ಲವೇ? ಇತ್ತು, ಆದರೆ ಬೇರೆ ರೀತಿಯಲ್ಲಿ. ಜಹೀರಾಬಾದಿನಿಂದ ಹೆದ್ದಾರಿ ಹಿಡಿದು ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಳುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರಲ್ಲಿ ಮೇಣದಿಂದ ವಿಗ್ರಹ ಎರಕ ಹೊಯ್ಯುವ ವಿಧಾನವಿದೆ. ಮೇಣಕ್ಕೆ ಸಂಸ್ಕೃತದಲ್ಲಿ ಮಧೂಚ್ಛಿಷ್ಟ ಎನ್ನುತ್ತಾರೆ, ಅಂದರೆ ಜೇನು ತೆಗೆದ ಮೇಲೆ ಉಳಿದದ್ದು. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು. ಅದರ ಮೇಲೆ ನುಣುಪಾದ ಮಣ್ಣನ್ನು ಪದರ ಪದರವಾಗಿ ಬಳಿದು ನೆರಳಲ್ಲಿ ಒಣಗಿಸಬೇಕು. ಬಿಸಿ ಮಾಡಿದಾಗ ಮೇಣ ಕರಗಿ ಹರಿದುಹೋಗುತ್ತದೆ, ಆ ಜಾಗದಲ್ಲಿ ಲೋಹ ತುಂಬುತ್ತದೆ. ಮೇಣವನ್ನು ಮೊದಲೇ ತೂಗಿಡಬೇಕು. ಬೆಳ್ಳಿಯಾದರೆ ಅದರ 12 ಪಟ್ಟು, ಚಿನ್ನವಾದರೆ 16 ಪಟ್ಟು ಲೋಹ ಬೇಕು. ಎಂಥ ಲೆಕ್ಕಾಚಾರ ನೋಡಿ!

ಚಿತ್ರಕಲೆಯ ವಿಷಯವೂ ಅದೇ ಗ್ರಂಥದಲ್ಲಿದೆ. ಆದರೆ ಅಲ್ಲಿ ಬಣ್ಣ ಹಿಡಿಯಲು ಹೇಳಿರುವುದು ಎಮ್ಮೆಯ ಚರ್ಮ ಬೇಯಿಸಿ ಮಾಡಿದ ವಜ್ರಲೇಪವನ್ನು. ಈಜಿಪ್ಟಿನಲ್ಲಿ ಮೇಣ ಚಿತ್ರದಲ್ಲೇ ಉಳಿಯಿತು, ಕಲ್ಯಾಣದಲ್ಲಿ ಆಕಾರ ಕೊಟ್ಟು ಹೊರಟುಹೋಯಿತು.

ನಮ್ಮ ಮಕ್ಕಳಿಗೆ ಇದನ್ನು ಯಾಕೆ ಹೇಳಬೇಕು? 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಆಮೇಲೆ ಗಡಿ ಬಂತು, ಕಲ್ಯಾಣ ಆ ಕಡೆ, ನಾವು ಈ ಕಡೆ. ಮನೆಯಲ್ಲಿ ಕನ್ನಡ ಉಳಿಯಿತು. ಆದರೆ ಕನ್ನಡ ಓದುವ ಮಗುವಿಗೆ ಈ ನೆಲದ ಚರಿತ್ರೆ ಪಕ್ಕದ ರಾಜ್ಯದ ಸಂಗತಿ ಅನಿಸಿದರೆ, ಆ ಭಾಷೆ ಬರೀ ಪರೀಕ್ಷೆಯ ವಿಷಯವಾಗಿ ಉಳಿಯುತ್ತದೆ.

ಚಿತ್ರಕಲೆಯ ಅವಧಿಯಲ್ಲಿ ಒಮ್ಮೆ ಪ್ರಯತ್ನಿಸಿ. ಹಳೆಯ ಪತ್ರಿಕೆ, ಒಣಗಿದ ಎಲೆ, ಬಟ್ಟೆಯ ತುಂಡು, ಒಂದು ರಟ್ಟು ಸಾಕು. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನೇರ ಉರಿಗೆ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಆ ಕೆಲಸ ಶಿಕ್ಷಕರೇ ಮಾಡಲಿ, ಅಂಟಿಸುವುದು ಮಕ್ಕಳಿಗಿರಲಿ. ಮೇಣ ಆರುವಷ್ಟರಲ್ಲಿ ಸೋಮೇಶ್ವರನ ಕಥೆ ಹೇಳಿ ಮುಗಿಸಬಹುದು.