ಕೊರಳ ಹಾರದಂಥ ಒಂದು ಸಂಖ್ಯೆ

ಅಮೋಘವರ್ಷ ನೃಪತುಂಗನ ಕಾಲದ ಕೃತಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕವಿರಾಜಮಾರ್ಗ. ಅದೇ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ಪಂಡಿತ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಆರಂಭದಲ್ಲೇ ಅಮೋಘವರ್ಷನ ಸ್ತುತಿಯಿದೆ. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಅಚ್ಚಾಯಿತು.

ಕೂಡುವುದು, ಕಳೆಯುವುದು ಮಹಾವೀರನಿಗೆ ಹೇಳಿಕೊಡಬೇಕಾದ ವಿಷಯಗಳೇ ಅಲ್ಲ. ಅವನ ಪಾಠ ಗುಣಾಕಾರದಿಂದಲೇ ಶುರು. ಅಲ್ಲಿನ ಲೆಕ್ಕಗಳಲ್ಲೊಂದು: 27994681 ಅನ್ನು 441ರಿಂದ ಗುಣಿಸಬೇಕು. ಬರುವ ಉತ್ತರ 12345654321. ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆ ಎಂದೇ ಅವನು ಇದನ್ನು ಬಣ್ಣಿಸುತ್ತಾನೆ. ಎರಡು ತುದಿಗಳಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಇಂಥ ಉತ್ತರಗಳು ಅವನ ಕಣ್ಣಿಗೆ ಕೊರಳ ಹಾರಗಳು.

ಚಮತ್ಕಾರವೆಂದು ಮೆಚ್ಚಿ ಮುಂದೆ ಹೋಗುವುದು ಸುಲಭ. ಆದರೆ 27994681ರ ಮುಖದಲ್ಲಿ ಯಾವ ಅಂದವೂ ಇಲ್ಲವಲ್ಲ, ಅದು ಅವನಿಗೆ ಸಿಕ್ಕಿದ್ದು ಹೇಗೆ?

ಗುಟ್ಟು 111111ರಲ್ಲಿದೆ. ಅದನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡುತ್ತೇವೆ. ತುದಿಯ ಸ್ಥಾನದಲ್ಲಿ ಒಂದೇ ಒಂದು ಬೀಳುತ್ತದೆ, ಅದರ ಪಕ್ಕ ಎರಡು, ನಟ್ಟನಡುವೆ ಆರು. ಅದೇ ಹಾರ. ಈಗ 111111 ಅನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ. ಮೂರೇಳಲಿ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291. ಅದರ ವರ್ಗವೇ ಆ ಅಂದಗೆಟ್ಟ 27994681!

ಅಂದರೆ ಮಹಾವೀರ ಮೊದಲು ಹಾರ ಕಟ್ಟಿ, ಆಮೇಲೆ ಬಿಡಿಸಿ, ಮಣಿಗಳನ್ನು ಎರಡು ಪಾಲು ಮಾಡಿ ಶಿಷ್ಯನ ಕೈಗೆ ಕೊಟ್ಟಿರಬೇಕು. ಇದು ಊಹೆಯೇ, ಆದರೆ ಎರಡೂ ಪಾಲುಗಳು ಪೂರ್ಣವರ್ಗಗಳಾಗಿರುವುದನ್ನು ಆಕಸ್ಮಿಕ ಎನ್ನಲು ಧೈರ್ಯ ಬೇಕು. ಅವನದೇ ಇನ್ನೆರಡು ಲೆಕ್ಕಗಳು, 142857143ನ್ನು 7ರಿಂದ ಗುಣಿಸಿದರೆ 1000000001, 152207ನ್ನು 73ರಿಂದ ಗುಣಿಸಿದರೆ 11111111, ಇದನ್ನೇ ಸೂಚಿಸುತ್ತವೆ. ಗುಣಾಕಾರದ ಪಾಠದ ಹಿಂದೆ ಗುರು ಭಾಗಾಕಾರ ಮಾಡಿಕೊಂಡು ಕೂತಿದ್ದಾನೆ. ಶಿಷ್ಯನಿಗೂ ಇದರಿಂದ ಲಾಭವಿದೆ: ದಶಕ ಒಯ್ಯುವಾಗ ಒಂದು ಕಡೆ ತಪ್ಪಿದರೂ ಹಾರ ಹರಿಯುತ್ತದೆ, ಗುರು ಬಂದು ಹೇಳಬೇಕಾಗಿಲ್ಲ.

ಆರಕ್ಕೇ ಏಕೆ ನಿಲ್ಲಿಸಿದ? ಒಂಬತ್ತು ಒಂದುಗಳವರೆಗೂ ಹಾರ ಕೆಡುವುದಿಲ್ಲ, 12345678987654321 ಬರುತ್ತದೆ. ಹತ್ತಕ್ಕೆ ಹೋದರೆ 1234567900987654321, ನಡುವೆಯೇ ಕೊಂಡಿ ಕಳಚುತ್ತದೆ. ಆದರೆ ಐದು ಒಂದುಗಳ 11111 ಒಡೆಯುವುದು 41 ಮತ್ತು 271 ಆಗಿ ಮಾತ್ರ. ಏಳು ಒಂದುಗಳದ್ದು 239 ಮತ್ತು 4649 ಆಗಿ. ಇವುಗಳಲ್ಲಿ ಪಾಲು ಮಾಡಲು ಹೆಚ್ಚು ದಾರಿಗಳಿಲ್ಲ. ಆರರಲ್ಲಿ ಐದು ಮಣಿಗಳಿದ್ದವು, ಬೇಕಾದಂತೆ ಹಂಚಬಹುದಿತ್ತು.